ಚೌಡಯ್ಯನವರ ಕಾಲದಲ್ಲಿ ರೀಲ್ಸ್ ಇದ್ದಿದ್ರೆ?

ಮಾನ್ಯ ಸಂಪಾದಕರೇ,

ಈಗ ಮಲ್ಲೇಶ್ವರದ ಚೌಡಯ್ಯ ಹಾಲ್‌ನಲ್ಲೂ ಸಂಗೀತ ಕಚೇರಿ ಶುರುವಾದ್ರೆ ಫೋನ್‌ಗಳೇ ಮೇಲೇಳ್ತವೆ. ಆ ಹಾಲ್‌ಗೆ ಹೆಸರು ಕೊಟ್ಟ ಟಿ. ಚೌಡಯ್ಯನವರು ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿನವರಿಗೂ ಕೇಳಿಸ್ಲಿ ಅಂತ ನಾಲ್ಕು ತಂತಿ ಪಿಟೀಲನ್ನ ಏಳು ತಂತಿ ಮಾಡಿದ್ರು, ಅದನ್ನ ವರ್ಷಗಟ್ಟಲೆ ನುಡಿಸಿ ನುಡಿಸಿಯೇ ಜನರನ್ನ ಒಪ್ಪಿಸಿದ್ರು, 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದೂ ಬಂತು. ಇವತ್ತಾಗಿದ್ರೆ ಮೂವತ್ತು ಸೆಕೆಂಡ್ ಕ್ಲಿಪ್ ನೋಡಿ ಮೊದಲನೇ ದಿನಾನೇ ತೀರ್ಪು ಕೊಟ್ಬಿಡ್ತಿದ್ರು, ಅಷ್ಟು ತಾಳ್ಮೆ ಈಗ ಯಾರಿಗಿದೆ?

ಗಾಯಕಿ ಬೆಂಗಳೂರು ನಾಗರತ್ನಮ್ಮನವರ ವಿಷ್ಯ ಮಾತ್ರ ಬೇರೆ. ಹಳೇ ಕಾಲದ ಕವಯಿತ್ರಿ ಮುದ್ದುಪಳನಿ ಬರೆದ ತೆಲುಗು ಕಾವ್ಯವನ್ನ ಧೈರ್ಯವಾಗಿ 1910ರಲ್ಲಿ ಅಚ್ಚು ಹಾಕಿಸಿದ್ರು, ಅಶ್ಲೀಲ ಅಂತ ಬ್ರಿಟಿಷ್ ಸರ್ಕಾರ ನಿಷೇಧ ಹಾಕ್ತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಕಟ್ಟಿಸೋಕೆ ಸ್ವಂತ ದುಡ್ಡು ಸುರಿದ್ರೂ ಅಲ್ಲಿ ಹೆಂಗಸರು ಹಾಡೋಕೆ ಜಗಳ ಆಡ್ಬೇಕಾಯ್ತು. ಫೇಸ್‌ಬುಕ್ ಇದ್ದಿದ್ರೆ ಕೆಟ್ಟ ಕೊಳಕು ಬೈಗುಳ ಬರ್ತಿತ್ತು ನಿಜ, ಆದ್ರೆ ಸಾವಿರಾರು ಹೆಣ್ಮಕ್ಕಳು ಅವರ ಬೆನ್ನಿಗೆ ನಿಲ್ತಿದ್ರು ಅಂತ ನಂಗೆ ಗಟ್ಟಿ ನಂಬಿಕೆ.

ಆಕಾಶವಾಣಿಯಲ್ಲಿರೋ ಹಳೇ ಕಚೇರಿಗಳನ್ನ ಕತ್ತರಿಸದೆ ಪೂರ್ತಿಯಾಗಿ ಯೂಟ್ಯೂಬ್‌ಗೆ ಹಾಕಿ ಅಂತ ನಿಮ್ಮ ಪತ್ರಿಕೆ ಒತ್ತಾಯ ಮಾಡ್ಬೇಕು, ದಯವಿಟ್ಟು.

– ಒಬ್ಬ ಓದುಗ, ಬೆಂಗಳೂರು