ಲೋಲಕದ ಜೊತೆ ನಿಂತವರಿಗೆ

ನನ್ನ ಮಗಳ ವಿಜ್ಞಾನ ಪ್ರಾಜೆಕ್ಟ್ ಶಾಲೆಯ ಪ್ರದರ್ಶನದಲ್ಲಿ ಮಂಡನೆಯಾಯಿತು. ಎರಡನೆಯ ಬಹುಮಾನವೂ ಬಂತು. ಅಭಿನಂದಿಸಿದ ಎಲ್ಲರಿಗೂ ವಂದನೆಗಳು. ಆದರೆ ಈ ಕೆಲಸದ ಬೆನ್ನಿಗೆ ನಿಂತವರ ಋಣ ನನ್ನ ಮೇಲೆ ಬಹಳ ಇದೆ. ಅದನ್ನು ನಾಲ್ಕು ಜನರ ಮುಂದೆ ಹೇಳದಿದ್ದರೆ ನನಗೆ ಸಮಾಧಾನವಾಗದು.

ದಾರಕ್ಕೆ ಕಟ್ಟಿದ ಗುಂಡು ಭಾರವಾದಷ್ಟೂ ಲೋಲಕ ಬೇಗ ತೂಗುತ್ತದೆಯೇ ಎಂಬುದು ಅವಳ ಪ್ರಶ್ನೆ. ತೂಗುತ್ತದೆ ಎಂಬುದು ಅವಳ ಊಹೆ. ವಿಜ್ಞಾನದ ಮೇಡಂಗೆ ಉತ್ತರ ಗೊತ್ತೇ ಇತ್ತು, ಪಠ್ಯಪುಸ್ತಕದಲ್ಲೂ ಇದೆ. ಅವರು ಬಾಯಿ ಬಿಡಲಿಲ್ಲ. “ಪ್ರಯೋಗಕ್ಕೆ ಮೊದಲೇ ಊಹೆಯನ್ನು ಬರೆದು ತಾರೀಖು ಹಾಕು. ಆಮೇಲೆ ಆ ಸಾಲನ್ನು ಮುಟ್ಟಬೇಡ” ಎಂದಷ್ಟೇ ಹೇಳಿದರು. ಮೇಡಂ, ನೀವು ಅಂದು ಉತ್ತರ ಹೇಳದೆ ಉಳಿದದ್ದಕ್ಕೆ ನನ್ನ ಮೊದಲ ನಮಸ್ಕಾರ.

ಮೊದಲ ಸುತ್ತಿನ ಅಳತೆ ಎಲ್ಲರನ್ನೂ ಗೊಂದಲಕ್ಕೆ ಕೆಡವಿತು. ದೊಡ್ಡ ಕಬ್ಬಿಣದ ಗುಂಡು ಚಿಕ್ಕದಕ್ಕಿಂತ ಬೇಗ ತೂಗಲಿಲ್ಲ, ಬದಲಿಗೆ ತುಸು ನಿಧಾನವಾಯಿತು. ಗುಂಡು ಒಮ್ಮೆ ಹೋಗಿ ಮರಳಿ ಬಂದರೆ ಒಂದು ಆಂದೋಲನ; ಅಂಥ ಇಪ್ಪತ್ತು ಆಂದೋಲನಗಳಿಗೆ ಹೆಚ್ಚುಕಡಿಮೆ ಮೂರನೆಯ ಒಂದು ಸೆಕೆಂಡಿನಷ್ಟು ವ್ಯತ್ಯಾಸ. ಅಳೆದಾಗಲೆಲ್ಲ ಅದೇ ಬರುತ್ತಿತ್ತು. ಹಾಗಾದರೆ ಭಾರ ಹೆಚ್ಚಿದರೆ ವೇಗ ಕುಗ್ಗುತ್ತದೆ ಎಂದು ಬರೆದುಬಿಡಲೇ ಎಂದು ಮಗಳು ಕೇಳಿದಳು.

“ನೀನು ಬದಲಿಸಿದ್ದು ಭಾರ ಒಂದನ್ನೇ ತಾನೇ?” ಎಂದರು ಮೇಡಂ.

“ಹೌದು ಮೇಡಂ, ದಾರ ಎರಡಕ್ಕೂ ಒಂದೇ.”

“ದಾರವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆದೆ?”

ಗಂಟಿನಿಂದ ಗುಂಡಿನ ಕೊಕ್ಕೆಯವರೆಗೆ ಅಳೆದಿದ್ದಳು. ಲೋಲಕದ ಉದ್ದವೆಂದರೆ ತೂಗುಬಿಟ್ಟ ಬಿಂದುವಿನಿಂದ ಗುಂಡಿನ ಕೇಂದ್ರದವರೆಗಿನ ಉದ್ದ. ಗುಂಡು ದೊಡ್ಡದಾದರೆ ಅದರ ಕೇಂದ್ರವೂ ಕೆಳಗಿಳಿಯುತ್ತದೆ. ಭಾರದ ಜೊತೆಗೆ ಉದ್ದವೂ ಕದ್ದುಮುಚ್ಚಿ ಬದಲಾಗಿತ್ತು. ಕೇಂದ್ರದವರೆಗೆ ಅಳೆದು ದಾರವನ್ನು ಸರಿಪಡಿಸಿದ ಮೇಲೆ ಆ ವ್ಯತ್ಯಾಸ ಕಾಣೆಯಾಯಿತು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು ಎಂಬ ಮಾತನ್ನು ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೇ. ಆ ಮಾತಿಗೆ ಎಷ್ಟು ತೂಕವಿದೆ ಎಂದು ನನಗೆ ತಿಳಿದದ್ದು ಅಂದು, ಮಗಳು ಮತ್ತೆ ಅಳತೆಪಟ್ಟಿ ಹಿಡಿದು ಕೂತಾಗ.

ಒಂದೇ ಗಾತ್ರದ ಮರದ ಗುಂಡು ಮತ್ತು ಕಬ್ಬಿಣದ ಗುಂಡನ್ನು ಕಪಾಟಿನ ತಳದಿಂದ ಹುಡುಕಿಕೊಟ್ಟ ಪ್ರಯೋಗಾಲಯದ ಸಹಾಯಕರಿಗೆ ಧನ್ಯವಾದಗಳು. ಅವು ಸಿಕ್ಕಿದ್ದರಿಂದ ಫಲಿತಾಂಶವನ್ನು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಲು ಸಾಧ್ಯವಾಯಿತು. ಭಾರದಲ್ಲಿ ಅಷ್ಟು ಅಂತರವಿದ್ದರೂ ಎರಡೂ ಒಂದೇ ಲಯದಲ್ಲಿ ತೂಗಿದವು.

ಅವಳ ಸಹಪಾಠಿಯನ್ನು ಹೇಗೆ ಮರೆಯಲಿ? ಎಣಿಸುವವಳಿಗೆ ಸಮಯ ಕಾಣಬಾರದು, ಸಮಯ ಬರೆಯುವವನಿಗೆ ಗುಂಡು ಕಾಣಬಾರದು ಎಂಬ ಏರ್ಪಾಡು ಆ ಹುಡುಗನದು. ಮನಸ್ಸು ಬಯಸಿದ ಉತ್ತರದ ಕಡೆಗೆ ಕೈ ವಾಲದಿರಲಿ ಎಂದು ಅವನೇ ಯೋಚಿಸಿದ್ದ. ಸ್ಟಾಪ್‌ವಾಚಿನ ಗುಂಡಿ ಒತ್ತುವಾಗ ಬೆರಳು ಸೆಕೆಂಡಿನ ಒಂದೆರಡು ದಶಾಂಶ ಆಚೀಚೆ ಆಗಿಯೇ ಆಗುತ್ತದೆ. ಇಪ್ಪತ್ತು ಆಂದೋಲನಗಳನ್ನು ಒಟ್ಟಿಗೆ ಅಳೆದು ಭಾಗಿಸಿದರೆ ಆ ದೋಷವೂ ಇಪ್ಪತ್ತು ಪಾಲಾಗುತ್ತದೆ. ಗೋಡೆಗೆ ಮುಖ ಮಾಡಿ ಸಂಜೆಯೆಲ್ಲ ಬೇಸರವಿಲ್ಲದೆ ಕೂತ ಆ ಹುಡುಗನ ತಾಳ್ಮೆ ದೊಡ್ಡದು.

ಉದ್ದಕ್ಕೂ ಸಮಯಕ್ಕೂ ಇರುವ ನಂಟಿನ ಗ್ರಾಫ್ ಬಾಗಿ ಬಂದಾಗ ನನ್ನ ತಮ್ಮ ನೆರವಾದ. ಸಮಯದ ವರ್ಗ ತೆಗೆದು ಬಿಡಿಸಿ ನೋಡು ಎಂದ, ಗೆರೆ ನೇರವಾಯಿತು. ಒಂದು ಆಂದೋಲನಕ್ಕೆ 1 ಮೀಟರ್ ಲೋಲಕಕ್ಕೆ ಸುಮಾರು 2 ಸೆಕೆಂಡ್, 25 ಸೆಂಟಿಮೀಟರಿನದಕ್ಕೆ ಸುಮಾರು 1 ಸೆಕೆಂಡ್.

ಕೊನೆಗೆ ತೀರ್ಪುಗಾರರು. ಗುಂಡನ್ನು ಬಹಳ ದೂರಕ್ಕೆ ಎಳೆದು ಬಿಟ್ಟರೆ ಏನಾಗುತ್ತದೆ ಎಂದು ಅವರಲ್ಲೊಬ್ಬರು ಕೇಳಿದರು. “ನಾನು 10 ಡಿಗ್ರಿಯೊಳಗೆ ಮಾತ್ರ ಅಳೆದಿದ್ದೇನೆ ಸರ್, ಅದರಾಚೆ ಹೇಳಲಾರೆ” ಎಂದಳು ಮಗಳು. ಅವರು ತಲೆದೂಗಿ, 60 ಡಿಗ್ರಿಯಲ್ಲಿ ಒಂದು ಆಂದೋಲನದ ಅವಧಿ ಶೇಕಡಾ 7ರಷ್ಟು ಹೆಚ್ಚುತ್ತದೆ, 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಡಚ್ ವಿಜ್ಞಾನಿ ಹೈಗೆನ್ಸ್ ಕೂಡ ಈ ತೊಡಕಿನೊಂದಿಗೆ ಸೆಣಸಿದ್ದ ಎಂದು ವಿವರಿಸಿದರು. ಗೊತ್ತಿರುವುದರ ಎಲ್ಲೆಯನ್ನು ಹೇಳಿದ ಮಗುವಿನ ಅಂಕ ಕತ್ತರಿಸದೆ, ಅವಳಿಗೆ ಮುಂದಿನ ಪ್ರಶ್ನೆಯನ್ನೇ ಕೈಗಿತ್ತ ಆ ಹಿರಿಯರಿಗೆ ನಾನು ಚಿರಋಣಿ.

ವರದಿಯ ಮೊದಲ ಪುಟದಲ್ಲಿ ಅವಳ ಹಳೆಯ ಊಹೆ ತಾರೀಖಿನ ಸಮೇತ ಹಾಗೆಯೇ ಇದೆ. ಅದರ ಕೆಳಗೆ “ಪ್ರಯೋಗ ಇದನ್ನು ಸಮರ್ಥಿಸಲಿಲ್ಲ” ಎಂದು ಅವಳೇ ಬರೆದಿದ್ದಾಳೆ. ಬಹುಮಾನಪತ್ರಕ್ಕಿಂತ ಆ ಸಾಲಿನ ಬಗ್ಗೆ ನನಗೆ ಹೆಚ್ಚು ಹೆಮ್ಮೆ.

ಸ್ಟಾಪ್‌ವಾಚ್ ಕೊಟ್ಟ ದೈಹಿಕ ಶಿಕ್ಷಣದ ಸರ್‌ಗೆ ಧನ್ಯವಾದದ ಜೊತೆ ಒಂದು ವಿನಂತಿಯೂ ಇದೆ. ಅದು ಇನ್ನೂ ನಮ್ಮಲ್ಲೇ ಇರಲಿ ಸರ್, ಮಗಳು ಈಗ 60 ಡಿಗ್ರಿಯನ್ನು ಅಳೆಯಲು ಹೊರಟಿದ್ದಾಳೆ.