ನಾಯಿಗೆ ಅಂತ ಕಡಿಯೋ ಕುರಿ, ಕೋಳೀನೂ ಯಾರಾದ್ರೂ ನೋಡ್ಬೇಕಲ್ವಾ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹಾಸನದ ಕೋಳಿ ಅಂಗಡೀಲಿ "ನಾಯಿಗೆ" ಅಂತ ಕೇಳಿದ್ರೆ ಕತ್ತು, ಕಾಲು, ಚರ್ಮ, ಒಂದಷ್ಟು ಚೂರುಪಾರು ಕವರಿಗೆ ತುಂಬಿ ಕೊಡೋದು ಹೊಸದೇನಲ್ಲ. ಈಗ ಹೊಸದಾಗಿ ಏನು ಶುರುವಾಗಿದೆ ಅಂದ್ರೆ, ನಮ್ಮ ಜಾವಗಲ್, ಬಾಣಾವರ, ಅರಸೀಕೆರೆ ಕಡೆ ಕುರಿ ಸಾಕೋರ ಹತ್ರ, ಮೊಟ್ಟೆ ಕೋಳಿ ಶೆಡ್ ಇರೋರ ಹತ್ರ ಬಂದು ಹಲ್ಲು ಬಿದ್ದ ಮುದಿ ಕುರಿ, ಗೊಡ್ಡು ಕುರಿ, ಮೊಟ್ಟೆ ನಿಂತ ಕೋಳಿ ಎಲ್ಲಾ ಕಮ್ಮಿ ರೇಟಿಗೆ ಎತ್ಕೊಂಡು ಹೋಗಿ, ಕಡಿದು, ಪ್ಯಾಕೆಟ್ ಮಾಡಿ ಫ್ರೀಜರಲ್ಲಿಟ್ಟು, ನಾಯಿಗೆ ಹಸಿ ಊಟ ಅಂತ ವಾಟ್ಸಾಪಲ್ಲೇ ಮಾರ್ತಾರೆ. ತಗೊಳ್ಳೋರು ಹಾಸನ, ಚಿಕ್ಕಮಗಳೂರು ಟೌನಲ್ಲಿ ಲ್ಯಾಬ್ರಡಾರ್, ರಾಟ್‌ವೀಲರ್ ಸಾಕಿರೋರು, ಮೂಡಿಗೆರೆ ಸಕಲೇಶಪುರದ ಕಡೆ ಎಸ್ಟೇಟ್ ಕಾಯೋಕೆ ನಾಲ್ಕೈದು ನಾಯಿ ಇಟ್ಕೊಂಡಿರೋರು.

ನಾನೂ ಕುರಿ ಸಾಕೋನೇ, ಅದಕ್ಕೆ ಮೊದ್ಲೇ ಹೇಳಿಬಿಡ್ತೀನಿ, ಇದನ್ನ ನಿಲ್ಲಿಸಿ ಅಂತ ಬರೀತಿಲ್ಲ. ಆರೇಳು ವರ್ಷದ ಕುರಿಗೆ ಮುಂದಿನ ಹಲ್ಲು ಹೋದ್ಮೇಲೆ ಹುಲ್ಲು ಕಚ್ಚೋಕಾಗಲ್ಲ, ಮೈ ಇಳಿಯುತ್ತೆ, ಮರಿ ಹಾಕಿದ್ರೂ ಹಾಲಿರಲ್ಲ. ಮೊಟ್ಟೆ ಕೋಳಿ 72ರಿಂದ 80 ವಾರ ಆಗ್ತಿದ್ದಂಗೆ ಅದು ತಿನ್ನೋ ಫೀಡಿನ ದುಡ್ಡೂ ಹುಟ್ಟಲ್ಲ, ಆಗ ಇಡೀ ಶೆಡ್ ಒಂದೇ ಸಲ ಖಾಲಿ ಮಾಡ್ಬೇಕು, ವ್ಯಾಪಾರಿ ಹೇಳಿದ್ದೇ ರೇಟು. ಇದರ ಮಾಂಸ ನಾರು ನಾರು, ಎಷ್ಟು ವಿಷಲ್ ಕೂಗಿಸಿದ್ರೂ ಬೇಯಲ್ಲ, ಹೋಟ್ಲವ್ರು ಮೂಸೂ ನೋಡಲ್ಲ. ಆದ್ರೆ ನಾಯಿಗೆ ಅದ್ರಲ್ಲಿ ಏನ್ ಕೊರತೆ? ಸಾಕಿದೋನಿಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತೆ, ಮಾಂಸ ವೇಸ್ಟ್ ಆಗಲ್ಲ. ಒಳ್ಳೇದೇ.

ಇಲ್ಲಿ ಒಂದು ಮಾತು. ಇಂಟರ್ನೆಟ್ಟಲ್ಲಿ ನಾಯಿಗೆ ಹಸಿ ಮಾಂಸ ಹಾಕಿ ಅಂತ ಹೇಳೋ ಫಾರಿನ್ ಮಂದಿ ಹಾಲು ಬತ್ತಿದ ಹಸು ಕಡಿದ ಮಾಂಸದ ಲೆಕ್ಕ ಹೇಳ್ತಾರೆ. ಅದು ನಮ್ಮಲ್ಲಿ ನಡೆಯಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಪ್ರಕಾರ ಹಸು, ಎತ್ತು, ಹೋರಿ, ಕರು ಯಾವುದನ್ನೂ ಕಡಿಯಂಗಿಲ್ಲ, ಎಮ್ಮೆ ಕೋಣಕ್ಕೆ ಮಾತ್ರ 13 ವರ್ಷ ದಾಟಿ, ಅಧಿಕಾರಿ ಸರ್ಟಿಫಿಕೇಟ್ ಕೊಟ್ರೆ ಅವಕಾಶ ಇದೆ. ಹಂಗಾಗಿ ನಮ್ಮ ಕಡೆ ಈ ವ್ಯಾಪಾರ ಅಂದ್ರೆ ಕುರಿ, ಮೇಕೆ, ಕೋಳಿ, ಅಷ್ಟೋ ಇಷ್ಟೋ ಹಂದಿ.

ನನ್ನ ತಕರಾರು ಇರೋದು ಎರಡೇ. ಒಂದು, ಕಡಿದದ್ದರ ಜೊತೆ ಸತ್ತದ್ದೂ ಸೇರ್ಕೊಳ್ತಿದೆ. ಎರಡು, ಅದನ್ನ ಹಸೀದೇ ಹಾಕಿ ಅಂತ ಹೇಳಿ ಮಾರ್ತಿದಾರೆ.

ಮೊದಲನೇದು ನೋಡಿ. ಸಂಜೆ ಹಟ್ಟಿಗೆ ಬಂದ ಕುರಿ ಬೆಳಗ್ಗೆ ಹೊತ್ತಿಗೆ ಕಾಲು ಚಾಚಿ ಬಿದ್ದಿದ್ರೆ ಹಿಂದೆಲ್ಲಾ ಗುಂಡಿ ತೆಗೆದು ಸುಣ್ಣ ಸುರಿದು ಹೂಳ್ತಿದ್ವಿ, ಇಲ್ಲಾ (ಸುಳ್ಳು ಯಾಕೆ ಹೇಳ್ಲಿ) ಕೆಲವ್ರು ಕೆರೆ ಏರಿ ಹಿಂದೆ ಎಸೀತಿದ್ರು. ಈಗ ಅದಕ್ಕೂ ಗಿರಾಕಿ ಇದಾರೆ, "ನಾಯಿಗೆ ತಾನೇ ಬಿಡಣ್ಣ" ಅಂತ ನೂರಿನ್ನೂರು ಕೈಗಿಟ್ಟು ಹೋಗ್ತಾರೆ. ಕರುಳು ಬೇನೆಲಿ ಸತ್ತಿತ್ತಾ, ನೀಲಿ ನಾಲಿಗೆಲಾ, ಏನೂ ಕೇಳಲ್ಲ. ನೆರಡಿ ರೋಗದ್ದಾಗಿದ್ರಂತೂ (ಡಾಕ್ಟ್ರು ಆಂಥ್ರಾಕ್ಸ್ ಅಂತಾರೆ) ಮುಗೀತು, ಅದರಲ್ಲಿ ಸತ್ತ ಪ್ರಾಣಿ ಮೂಗಲ್ಲಿ, ಹಿಂದ್ಗಡೆ ಕರ್ರಗೆ ರಕ್ತ ಬಂದಿರುತ್ತೆ, ಹೆಪ್ಪುಗಟ್ಟಿರಲ್ಲ, ಅಂಥದ್ದಕ್ಕೆ ಚಾಕು ಹಾಕ್ಲೇಬಾರ್ದು, ಹಾಕಿದ್ರೆ ರೋಗದ ಬೀಜ ಮಣ್ಣಿಗೆ ಸೇರಿ ಎಷ್ಟೋ ವರ್ಷ ಅಲ್ಲೇ ಕೂತಿರುತ್ತೆ, ಕೊಯ್ದೋನಿಗೂ ಅಂಟುತ್ತೆ. ಈಗ ಇಂಥಾದ್ದು ಯಾರದೋ ಮನೆ ಫ್ರೀಜರಲ್ಲಿ, ಮಕ್ಕಳ ಐಸ್‌ಕ್ರೀಂ ಪಕ್ಕದಲ್ಲಿ.

ಅಮೆರಿಕದಲ್ಲಿ ರೇಸಿಗೆ ಓಡಿಸೋ ಗ್ರೇಹೌಂಡ್ ನಾಯಿಗಳಿಗೆ ಸತ್ತದ್ದು, ಸಾಯ್ತಿದ್ದದ್ದು, ಕಾಯಿಲೆ ಬಿದ್ದದ್ದು, ಎದ್ದು ನಿಲ್ಲೋಕಾಗದ್ದು ಇಂಥ ದನದ ಮಾಂಸ ಹಸೀದೇ ಹಾಕ್ತಿದ್ರು, ಅದಕ್ಕೆ ಅಲ್ಲಿ ಫೋರ್ ಡಿ ಮೀಟ್ ಅಂತಾನೇ ಹೆಸರು (ಇಂಗ್ಲಿಷಲ್ಲಿ ಆ ನಾಲ್ಕೂ ಪದ ಡಿ ಅಕ್ಷರದಿಂದ ಶುರುವಾಗುತ್ವೆ). ಮನುಷ್ಯರ ಅಂಗಡಿಗೆ ಹೋಗದೇ ಇರ್ಲಿ ಅಂತ ಅದಕ್ಕೆ ಇದ್ದಿಲ ಪುಡಿ ಬೆರೆಸ್ತಾರೆ. ಯುರೋಪಲ್ಲಿ ಇದಕ್ಕೆ ಉಲ್ಟಾ ರೂಲ್ಸು, ಫಾರಂನಲ್ಲಿ ತಾನಾಗಿ ಸತ್ತ ಪ್ರಾಣಿ ನಾಯಿ ಬೆಕ್ಕಿನ ಊಟಕ್ಕೆ ಬರಂಗೇ ಇಲ್ಲ, ಡಾಕ್ಟ್ರು ನೋಡಿ ಜನ ತಿನ್ನಬಹುದು ಅಂದ ಪ್ರಾಣಿಯಲ್ಲಿ ಜನಕ್ಕೆ ಬೇಡವಾದ ಭಾಗ ಮಾತ್ರ ಹಸಿ ಊಟಕ್ಕೆ ಹೋಗ್ಬೇಕು, ಅದ್ರಲ್ಲೂ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇಲ್ಲ ಅಂತ ಟೆಸ್ಟ್ ಆಗ್ಬೇಕು. ನಮ್ಮೂರಲ್ಲಿ ಇದ್ದಿಲೂ ಇಲ್ಲ ಟೆಸ್ಟೂ ಇಲ್ಲ, ಇರೋದು ಒಂದು ಫ್ರೀಜರ್ರು ಒಂದು ಫೋನ್‌ಪೇ ಸ್ಟಿಕ್ಕರ್ರು.

ಎರಡನೇದು ಹಸಿ ಮಾಂಸದ ವಿಷಯ, ಇದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ದಯವಿಟ್ಟು ಕತ್ತರಿ ಹಾಕ್ಬೇಡಿ.

ಕುರಿ ಕಡಿಯೋರನ್ನ ಕೇಳಿ ನೋಡಿ, ಮುದಿ ಕುರಿ ಲಿವರ್ರಲ್ಲಿ, ಪುಪ್ಪುಸದಲ್ಲಿ ಗೋಲಿ ಗಾತ್ರದ್ದು, ಒಂದೊಂದ್ಸಲ ನಿಂಬೆಹಣ್ಣಿನ ಗಾತ್ರದ್ದು, ಬೆಳ್ಳಗೆ ನೀರು ತುಂಬಿದ ಗುಳ್ಳೆ ಸಿಗುತ್ತೆ. ಎಳೇ ಮರೀಲಿ ಅಷ್ಟಾಗಿ ಕಾಣಲ್ಲ, ವಯಸ್ಸಾದಂಗೆ ಗುಳ್ಳೆ ದೊಡ್ಡದಾಗುತ್ತೆ. ಅಂದ್ರೆ ನಾಯಿ ಊಟಕ್ಕೆ ಅಂತ ಬರೋ ಕುರಿಗಳಲ್ಲೇ ಇದು ಜಾಸ್ತಿ. ಡಾಕ್ಟ್ರು ಇದಕ್ಕೆ ಹೈಡಾಟಿಡ್ ಅಂತಾರೆ. ಕಟುಕರು ಏನ್ಮಾಡ್ತಾರೆ, ಆ ತುಂಡು ಕೊಯ್ದು ಪಕ್ಕಕ್ಕೆ ಎಸೀತಾರೆ, ಅಲ್ಲೇ ಕಾಯ್ತಾ ಕೂತಿರೋ ನಾಯಿ ಗಬಕ್ ಅಂತ ನುಂಗುತ್ತೆ. ಆ ಗುಳ್ಳೆ ಒಳಗೆ ಇರೋದು ಒಂದು ಲಾಡಿಹುಳದ ಮರಿಗಳು, ನಾಯಿ ಕರುಳಲ್ಲಿ ಹೋಗಿ ಒಂದೂವರೆ ತಿಂಗಳಲ್ಲಿ ಬಲಿತು ಮೊಟ್ಟೆ ಹಾಕುತ್ವೆ. ಹುಳ ಇಷ್ಟೇ ಇಷ್ಟು, ಕೆಲವೇ ಮಿಲಿಮೀಟರ್ ಉದ್ದ, ಕಣ್ಣಿಗೆ ಬೀಳಲ್ಲ, ನಾಯಿಗೆ ಏನೂ ಆಗೋದೂ ಇಲ್ಲ, ತಿಂದುಂಡು ಚೆನ್ನಾಗೇ ಇರುತ್ತೆ. ಮೊಟ್ಟೆ ಮಾತ್ರ ಅದರ ಕಕ್ಕಸಲ್ಲಿ ಬಂದು ಹುಲ್ಲಿಗೆ, ಸೊಪ್ಪಿನ ಮಡಿಗೆ, ಅದರ ಮೈ ಕೂದಲಿಗೆ ಅಂಟ್ಕೊಂಡಿರುತ್ತೆ. ಹುಲ್ಲು ಮೇಯೋ ಕುರಿಗೆ ಮತ್ತೆ ಗುಳ್ಳೆ, ನಾಯಿ ಮೈ ಸವರಿ ಕೈ ತೊಳೀದೆ ಊಟಕ್ಕೆ ಕೂತ ಮಗೂಗೂ ಅದೇ ಗುಳ್ಳೆ. ಮನುಷ್ಯನ ಲಿವರ್ರಲ್ಲಿ ಅದು ವರ್ಷಗಟ್ಲೆ ಸದ್ದಿಲ್ಲದೆ ಬೆಳೆಯುತ್ತೆ, ಹೊಟ್ಟೆ ಭಾರ ಅಂತ ಸ್ಕ್ಯಾನಿಂಗ್ ಮಾಡಿಸಿದಾಗ್ಲೇ ಗೊತ್ತಾಗೋದು, ಎಷ್ಟೋ ಜನಕ್ಕೆ ಆಪರೇಷನ್ನೇ ಗತಿ.

ನ್ಯೂಜಿಲೆಂಡ್ ಕುರಿಗೇ ಹೆಸರಾದ ದೇಶ, ಅಲ್ಲಿ ಈ ರೋಗ ಮನೆಮನೆ ಕಾಟ ಆಗಿತ್ತು. 1959ರಲ್ಲಿ ಇದಕ್ಕೇ ಅಂತ ಒಂದು ಕಾನೂನು ತಂದು, ನಾಯಿಗೆ ಹಸಿ ಲಿವರ್ ಪುಪ್ಪುಸ ಹಾಕೋದು ಬಂದ್ ಮಾಡಿಸಿ, ಊರ ನಾಯಿಗಳಿಗೆಲ್ಲಾ ಕಡ್ಡಾಯ ಔಷಧಿ ಕುಡಿಸಿ, 2002ರಲ್ಲಿ ನಮ್ಮಲ್ಲಿ ಇನ್ನು ಈ ರೋಗ ಇಲ್ಲ ಅಂತ ಹೇಳ್ಕೊಳ್ಳೋ ಮಟ್ಟಕ್ಕೆ ಬಂದ್ರು. ಅವರು ನಲವತ್ತು ವರ್ಷ ಕಷ್ಟಪಟ್ಟು ನಿಲ್ಲಿಸಿದ್ದನ್ನ ನಾವು ಹೊಸ ಫ್ಯಾಷನ್ ಅಂತ ಪ್ಯಾಕೆಟ್ಟಲ್ಲಿ ಹೋಂ ಡೆಲಿವರಿ ಕೊಡ್ತಿದೀವಿ.

ಕೋಳಿ ಕಥೆ ಬೇರೆ ತರ. ಅದ್ರಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇರೋದು ಮಾಮೂಲು, ನಾವು ಕುದಿಸಿ ತಿನ್ನೋದ್ರಿಂದ ಬಚಾವಾಗಿದೀವಿ. "ಡೀಪ್ ಫ್ರೀಜ್ ಮಾಡಿದೀವಿ ಸಾರ್, ಎಲ್ಲಾ ಸತ್ತೋಗಿರುತ್ತೆ" ಅಂತ ಮಾರೋರು ಹೇಳ್ತಾರೆ, ಅದು ಅರ್ಧ ನಿಜ. ಮೈನಸ್ 20 ಡಿಗ್ರೀಲಿ ದಿನಗಟ್ಲೆ ಇಟ್ರೆ ಆ ಗುಳ್ಳೆ ಒಳಗಿನ ಮರಿ ಸಾಯ್ತವೆ, ಆದ್ರೆ ಬ್ಯಾಕ್ಟೀರಿಯಾ ವೈರಸ್ಸು ನಿದ್ದೆ ಹೊಡ್ಕೊಂಡು ಇರ್ತವೆ ಅಷ್ಟೇ. ಜೊತೆಗೆ ಮಲೆನಾಡಲ್ಲಿ ಜುಲೈ ತಿಂಗಳಲ್ಲಿ ಒಂದು ಮರ ಬಿದ್ರೆ ಎರಡು ದಿನ ಕರೆಂಟ್ ಇರಲ್ಲ, ಪ್ಯಾಕೆಟ್ ಕರಗಿ ನೀರಾಗಿ ಮತ್ತೆ ಗಟ್ಟಿಯಾಗಿರುತ್ತೆ, ಮೈನಸ್ 20 ಎಲ್ಲಿಂದ ಬರ್ಬೇಕು?

ಹಕ್ಕಿಜ್ವರದ ಭಯ ಸುಮ್ನೆ ಅಲ್ಲ. 2020ರಲ್ಲಿ ಮೈಸೂರು, ದಾವಣಗೆರೆ ಕಡೆ ಬಂದಿತ್ತು, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ. 2024ರ ಡಿಸೆಂಬರಲ್ಲಿ ನಾಗಪುರದ ಗೋರೆವಾಡ ಕಾಡುಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ ಒಂದು ಚಿರತೆ ಇದೇ ಎಚ್5ಎನ್1 ವೈರಸ್ಸಿಗೆ ಸತ್ವು, ಅವಕ್ಕೆ ಹಾಕೋ ಹಸಿ ಕೋಳಿ ಮೇಲೇ ಮೊದ್ಲು ಅನುಮಾನ ಬಂದಿದ್ದು. ಅದೇ ತಿಂಗಳು ಅಮೆರಿಕದ ಒರೆಗಾನ್‌ನಲ್ಲಿ ಮನೆ ಬಿಟ್ಟು ಆಚೆಗೇ ಹೋಗದ ಒಂದು ಬೆಕ್ಕು ಸತ್ತು, ಅದು ತಿಂದ ಫ್ರೋಜನ್ ಹಸಿ ಟರ್ಕಿ ಕೋಳಿ ಮಾಂಸದಲ್ಲಿ ಅದೇ ವೈರಸ್ ಸಿಕ್ತು. ಫ್ರೋಜನ್ ಅನ್ನೋದನ್ನ ಗಮನಿಸಿ. ಮನೇಲಿ ಬೆಕ್ಕಿರೋರು ಹಸಿ ಕೋಳಿ ವಿಷಯದಲ್ಲಿ ನಾಯಿಯವ್ರಿಗಿಂತ ಹೆದರ್ಬೇಕು. ರೋಗ ಬಂತು ಅಂತ ಸರ್ಕಾರದವ್ರು ಕೊಂದು ಹೂಳೋ ಕೋಳಿ, ವಯಸ್ಸಾಯ್ತು ಅಂತ ನಾವು ಮಾರೋ ಕೋಳಿ, ಎರಡೂ ಒಂದೇ ಗಾಡೀಲಿ ಹೋಗಬಾರ್ದು, ಹೋಗ್ತಿಲ್ಲ ಅಂತ ಇವತ್ತು ಖಾತ್ರಿ ಕೊಡೋರು ಯಾರು?

ಇನ್ನು ತೋಳದ ವಾದ. "ನಾಯಿ ತೋಳದ ವಂಶ, ಹಸೀದೇ ತಿನ್ಬೇಕು, ಅನ್ನ ಮುದ್ದೆ ಅದಕ್ಕೆ ವಿಷ" ಅಂತ ಮಾರೋರೆಲ್ಲಾ ಬಾಯಿಪಾಠ ಮಾಡಿದಾರೆ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲೇ ತೋರಿಸಿದಾರೆ, ಪಿಷ್ಟ ಅರಗಿಸೋ ಜೀನ್ ತೋಳಕ್ಕಿಂತ ನಾಯೀಲಿ ಎಷ್ಟೋ ಜಾಸ್ತಿ ಇದೆ, ಮನುಷ್ಯನ ಜೊತೆ ಇದ್ದೂ ಇದ್ದೂ ಬಂದಿದ್ದು ಅದು. ನಮ್ಮ ಹಟ್ಟಿ ನಾಯಿಗಳು ತಲೆಮಾರುಗಟ್ಲೆ ರಾಗಿ ಮುದ್ದೆ, ಅಂಬಲಿ, ಮಿಕ್ಕಿದ್ದ ಸಾರು ತಿಂದೇ ತೋಳ ಅಟ್ಟಿರೋದು, ಇನ್ನೇನ್ ಸಾಕ್ಷಿ ಬೇಕು. ಬರೀ ಮಾಂಸ ಹಾಕಿದ್ರೆ ಮರಿಗಳಿಗೆ ಸುಣ್ಣದಂಶ ಸಾಲದೆ ಕಾಲು ಸೊಟ್ಟ ಆಗುತ್ತೆ, ಅದನ್ನ ಪ್ಯಾಕೆಟ್ ಮೇಲೆ ಯಾರೂ ಬರ್ಯಲ್ಲ. ಮೂಳೆ ಇದ್ಯಲ್ಲ ಅಂತೀರಾ? ಮೊಟ್ಟೆ ಕೋಳಿ ದಿನಾ ಒಂದೊಂದು ಮೊಟ್ಟೆ ಸಿಪ್ಪೆಗೆ ಎರಡು ಗ್ರಾಂ ಹತ್ರ ಕ್ಯಾಲ್ಸಿಯಂ ಸುರಿದೂ ಸುರಿದೂ ಕೊನೆಗೆ ಅದರ ಮೂಳೆ ಟೊಳ್ಳಾಗಿರುತ್ತೆ, ಮುಟ್ಟಿದ್ರೆ ಪಟ್ ಅನ್ನುತ್ತೆ, ಚೂಪು ಚೂರು ನಾಯಿ ಗಂಟಲಿಗೆ.

ಔಷಧಿ ವಿಷಯ ಒಂದೇ ಮಾತಲ್ಲಿ ಹೇಳ್ತೀನಿ. ಕಾಯಿಲೆ ಬಿದ್ದ ಕುರಿಗೆ ಕೈಲಾದಷ್ಟು ಇಂಜೆಕ್ಷನ್ ಚುಚ್ಚಿಸಿ, ಇನ್ನು ಉಳಿಯಲ್ಲ ಅಂತ ಗೊತ್ತಾದ್ಮೇಲೆ ಅದೇ ದಿನ ಮಾರ್ತಾರೆ, ಆ ಔಷಧಿ ಮಾಂಸದಲ್ಲೇ ಇರುತ್ತೆ. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ, ಸತ್ತ ದನ ತಿಂದ ರಣಹದ್ದುಗಳ ಸಂತಾನಾನೇ ತೆಗೀತು, 2006ರಲ್ಲಿ ಬ್ಯಾನ್ ಮಾಡೋ ಹೊತ್ತಿಗೆ ರಾಮನಗರದ ಬೆಟ್ಟದಂಥ ಜಾಗದಲ್ಲಿ ಬೆರಳೆಣಿಕೆ ಉಳಿದಿದ್ವು. ನಾಯಿ ರಣಹದ್ದಲ್ಲ ನಿಜ, ಆದ್ರೂ.

ಹಂಗಾದ್ರೆ ಏನ್ ಮಾಡೋದು. ಬೇಯಿಸಿ, ಅಷ್ಟೇ. ಮುದಿ ಕುರಿ ಮಾಂಸ ಅರ್ಧ ಮುಕ್ಕಾಲು ಗಂಟೆ ಚೆನ್ನಾಗಿ ಕುದಿಸಿ, ನುಚ್ಚಕ್ಕಿನೋ ರಾಗಿಹಿಟ್ಟೋ ಹಾಕಿ, ಮೂಳೆ ತೆಗೆದು, ಈರುಳ್ಳಿ ಬೆಳ್ಳುಳ್ಳಿ ಉಪ್ಪು ಖಾರ ಇಲ್ದೆ ಕೊಟ್ರೆ ನಾಯಿ ತಟ್ಟೆ ನೆಕ್ಕುತ್ತೆ. ಬೆಂದ ಮೂಳೆ ಹಸಿ ಮೂಳೆಗಿಂತ ಅಪಾಯ, ಅದನ್ನ ಮರೀಬೇಡಿ. ಗುಳ್ಳೆ ಇರೋ ಲಿವರ್ರು ಪುಪ್ಪುಸ ಮಾತ್ರ ಹೂಳಿ ಇಲ್ಲಾ ಸುಡಿ.

ಪಶುಪಾಲನಾ ಇಲಾಖೆಯವ್ರಲ್ಲಿ ಕೇಳೋದು ಇಷ್ಟು. ನಾಯಿಗೆ ಅಂತ ಕಡಿದ್ರೂ ಪ್ರಾಣಿ ತನ್ನ ಕಾಲಲ್ಲಿ ನಡ್ಕೊಂಡು ಬಂದಿದ್ಯಾ ಅಂತ ಒಬ್ಬ ಪಶು ವೈದ್ಯರು ನೋಡ್ಲಿ, ಕಡಿದ ಮೇಲೆ ಲಿವರ್ ಒಂದ್ಸಲ ನೋಡ್ಲಿ, ಪ್ಯಾಕೆಟ್ ಮೇಲೆ ಯಾವ ಪ್ರಾಣಿ, ಯಾವತ್ತು ಕಡಿದದ್ದು, ಎಲ್ಲಿಂದ ಬಂದದ್ದು, "ಬೇಯಿಸಿ ಕೊಡಿ" ಅನ್ನೋದು ಕನ್ನಡದಲ್ಲಿ ಇರ್ಲಿ. ಹಾಸನದಲ್ಲೇ ವೆಟರ್ನರಿ ಕಾಲೇಜ್ ಇದೆ, ಅಲ್ಲಿ ಓದೋ ಹುಡುಗ್ರು ಸಂತೆ ದಿನ ಅರಸೀಕೆರೆ, ಜಾವಗಲ್ಲಿಗೆ ಬಂದು ಕಟುಕರ ಜೊತೆ ಕೂತು ಗುಳ್ಳೆ ಹೆಂಗಿರುತ್ತೆ, ಯಾಕೆ ಎಸೀಬಾರ್ದು ಅಂತ ತೋರಿಸಿದ್ರೆ ಒಂದು ರೂಪಾಯಿ ಖರ್ಚಿಲ್ಲ. ಸತ್ತ ಕುರಿ ಹೂಳೋಕೆ ಪಂಚಾಯ್ತಿ ಒಂದು ಜಾಗ ಗುರುತು ಮಾಡಿ ಜೆಸಿಬೀಲಿ ಗುಂಡಿ ತೆಗೆಸಿಡ್ಲಿ, ಜಾಗ ಇಲ್ದೇ ಇರೋದ್ರಿಂದ್ಲೇ ಎಷ್ಟೋ ಜನ ನೂರು ರೂಪಾಯಿಗೆ ಕೊಟ್ಟು ಕಳಿಸೋದು.

ಇನ್ನೊಂದು. ಪ್ರತಿ ವರ್ಷ ಸೆಪ್ಟೆಂಬರ್ 28ರ ರೇಬೀಸ್ ದಿನದ ಸುತ್ತಮುತ್ತ ನಾಯಿಗಳಿಗೆ ಫ್ರೀ ಲಸಿಕೆ ಹಾಕ್ತೀರಲ್ಲ, ಅವತ್ತೇ ಪ್ರಾಜಿಕ್ವಾಂಟೆಲ್ ಅನ್ನೋ ಜಂತಿನ ಮಾತ್ರೇನೂ ಕೊಟ್ಟುಬಿಡಿ, ಈ ಲಾಡಿಹುಳಕ್ಕೆ ಕೆಲಸ ಮಾಡೋದು ಅದೇ, ಅಂಗಡೀಲಿ ಸಿಗೋ ಎಲ್ಲಾ ಜಂತಿನ ಔಷಧೀಲೂ ಅದು ಇರಲ್ಲ. ವರ್ಷಕ್ಕೆ ಒಂದ್ಸಲ ಸಾಲಲ್ಲ, ಕುರಿ ಹಟ್ಟಿ ನಾಯಿಗೆ ಆರು ವಾರಕ್ಕೊಮ್ಮೆ ಬೇಕು, ಆದ್ರೆ ಒಂದ್ಸಲ ಶುರುವಾದ್ರೆ ಆಮೇಲೆ ನಾವೇ ಕೇಳಿ ತಗೋತೀವಿ. ಟೌನ್ ನಾಯಿಗಳನ್ನ ಓನರ್ರು ಕಾರಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಬರ್ತಾರೆ, ಕುರಿ ಕಾಯೋ ನಾಯಿ ಹಗ್ಗ ಕಂಡ್ರೇ ಓಡುತ್ತೆ, ಅದಕ್ಕೆ ಬೆಳಗ್ಗೆ ಕುರಿ ಬಿಡೋಕೆ ಮುಂಚೆ, ಏಳು ಗಂಟೆ ಒಳಗೆ ಹಟ್ಟಿಗೇ ಬನ್ನಿ, ಮಾತ್ರೆ ಮುದ್ದೇಲಿ ಇಟ್ಟು ನುಂಗಿಸೋ ಕೆಲಸ ನಮ್ದು.

ಇಂತಿ,
ಕುರಿ ಸಾಕೋ ಒಬ್ಬ ಓದುಗ
ಜಾವಗಲ್ ಹೋಬಳಿ, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ