ಅನುವಾದಕರ ದುಡಿಮೆಯೂ ಮನೆ ನಡೆಸುತ್ತದೆ

ಮಾನ್ಯ ಸಂಪಾದಕರಿಗೆ,

ಕಾಸರಗೋಡಿನ ಕನ್ನಡದ ವಿಷಯ ಬಂದಾಗಲೆಲ್ಲ ಶಾಲೆಗಳು, ಶಿಕ್ಷಕರ ನೇಮಕಾತಿ, ಕಚೇರಿಗಳ ನಾಮಫಲಕಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಚರ್ಚೆಯಾಗುತ್ತದೆ. ಅದು ಆಗಲೇಬೇಕು. ಆದರೆ ಇದೇ ಕನ್ನಡವನ್ನು ನಂಬಿ, ಮನೆಯಲ್ಲೇ ಕುಳಿತು ಅನುವಾದ ಮಾಡಿ, ಅದರಿಂದ ಬಂದ ಹಣದಲ್ಲಿ ಸಂಸಾರ ತೂಗಿಸುತ್ತಿರುವವರು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಇದ್ದಾರೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. ನಾನೂ ಅವರಲ್ಲಿ ಒಬ್ಬಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದ ಮೇಲೆ ಆಡಳಿತದ ಭಾಷೆ ಮಲಯಾಳವಾಯಿತು. ಮನೆಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಕ್ರಯಪತ್ರ, ವಿಭಾಗಪತ್ರಗಳಲ್ಲಿ ಅನೇಕವು ಕನ್ನಡದಲ್ಲೇ ಉಳಿದವು. ಬ್ಯಾಂಕಿಗೂ ನ್ಯಾಯಾಲಯಕ್ಕೂ ಅವನ್ನು ಅನುವಾದಿಸಿ ಕೊಡುವವರು ಬೇಕು. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು, ಕೇರಳ ಲೋಕಸೇವಾ ಆಯೋಗದ ಕನ್ನಡ ಪ್ರಶ್ನೆಪತ್ರಿಕೆಗಳು, ಆರೋಗ್ಯ ಇಲಾಖೆಯ ತಿಳಿವಳಿಕೆ ಪತ್ರಗಳು ಇವೆಲ್ಲ ಯಾರದೋ ಕೈಯಿಂದಲೇ ಕನ್ನಡವಾಗುತ್ತವೆ. ಈಚಿನ ವರ್ಷಗಳಲ್ಲಿ ಬೆಂಗಳೂರು, ಹೈದರಾಬಾದುಗಳ ಏಜೆನ್ಸಿಗಳಿಂದ ಮೊಬೈಲ್ ಆ್ಯಪ್‌ಗಳ ಬರಹ, ಜಾಹೀರಾತು, ಉಪಶೀರ್ಷಿಕೆಗಳ ಕೆಲಸವೂ ಬರುತ್ತಿದೆ. ಸಪ್ತಭಾಷೆಗಳ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಎರಡು ಮೂರು ಭಾಷೆಗಳು ಸಹಜವಾಗಿ ಬರುತ್ತವೆ. ಅದೇ ಕಾರಣಕ್ಕೆ ‘ಎರಡೂ ಭಾಷೆ ಗೊತ್ತಿದ್ದ ಮೇಲೆ ಇದೇನು ಮಹಾ ಕೆಲಸ’ ಎಂಬ ಮಾತೂ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ.

ಸಣ್ಣ ಅಡಿಕೆ ತೋಟವಿರುವ ಮನೆಯ ವರ್ಷದ ಲೆಕ್ಕ ಹೇಗಿರುತ್ತದೆ ಎಂಬುದನ್ನು ನಿಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಅಡಿಕೆ ಕೊಯ್ದು, ಒಣಗಿಸಿ, ಸುಲಿದು ಮಾರಿದಾಗ ಕೈಸೇರಿದ ಹಣವು ಬೇಸಿಗೆ ಮುಗಿಯುವಷ್ಟರಲ್ಲಿ ಸಾಲದ ಕಂತಿಗೆ, ಮದುವೆ ಮುಂಜಿಗಳಿಗೆ ಹೋಗಿರುತ್ತದೆ. ಮಳೆ ಹಿಡಿಯುವ ಮೊದಲೇ, ಅಡಿಕೆ ಕೊಳೆತು ಉದುರುವ ಮಹಾಳಿ ರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕಾದ್ದರಿಂದ ಅದಕ್ಕೆ ಬೇಕಾದ ಮೈಲುತುತ್ತಿಗೂ ಮರ ಹತ್ತುವವರ ಕೂಲಿಗೂ ಹಣ ಹೊಂದಿಸಬೇಕು. ಅದೇ ಹೊತ್ತಿಗೆ ಜೂನ್‌ನಲ್ಲಿ ಶಾಲೆ ತೆರೆದು ಪುಸ್ತಕ, ಸಮವಸ್ತ್ರ, ಕೊಡೆಗಳ ಖರ್ಚು ಎದುರಾಗುತ್ತದೆ. ತೋಟದಿಂದ ಒಂದು ರೂಪಾಯಿಯೂ ಬಾರದ ಆ ತಿಂಗಳುಗಳಲ್ಲಿ ನಮ್ಮ ಮನೆಯ ದಿನಸಿ, ವಿದ್ಯುತ್ ಬಿಲ್ಲು, ಅತ್ತೆಯವರ ರಕ್ತದೊತ್ತಡದ ಮಾತ್ರೆ ಎಲ್ಲವೂ ಅನುವಾದದ ಹಣದಲ್ಲೇ ನಡೆಯುತ್ತವೆ. ಮಹಾಳಿ ಬಿದ್ದು ಫಸಲು ನೆಲ ಕಂಡ ವರ್ಷ ಈ ಆದಾಯವೊಂದೇ ನಮಗೆ ಆಸರೆಯಾಗಿತ್ತು. ನನಗೆ ಪರಿಚಯವಿರುವ ಅನುವಾದಕರಲ್ಲಿ ಬಹುಪಾಲು ಹೆಂಗಸರು ಇದ್ದಾರೆ ನಿಜ, ಆದರೆ ದಿನವೇತನದ ಮೇಲೆ ಕಲಿಸುತ್ತ ಮಧ್ಯಬೇಸಿಗೆಯ ರಜೆಯಲ್ಲಿ ಸಂಬಳವಿಲ್ಲದೆ ಉಳಿಯುವ ಯುವ ಶಿಕ್ಷಕರೂ ಇದ್ದಾರೆ. ಅವರ ಪಾಲಿಗೆ ಏಪ್ರಿಲ್, ಮೇ ತಿಂಗಳ ಮನೆಬಾಡಿಗೆ ಹುಟ್ಟುವುದು ಇದರಿಂದಲೇ. ಹೀಗಿರುವಾಗ ಈ ದುಡಿಮೆಯನ್ನು ‘ಬಿಡುವಿನ ವೇಳೆಯ ಕೈಖರ್ಚಿನ ಹಣ’ ಎಂದು ಕರೆಯುವುದು ನನಗೆ ನೋವು ತರುತ್ತದೆ. ಕೆಲಸ ಕೊಡುವವರೂ ಹಾಗೆಯೇ ತಿಳಿದಿರುವುದರಿಂದ ಹಣ ಕೊಡುವುದನ್ನು ತಡ ಮಾಡುತ್ತಾರೆ.

ದರದ ವಿಷಯದಲ್ಲಿಯೂ ಹೊರಗಿನವರಿಗೆ ಕಾಣದ ಒಂದು ತೊಡಕಿದೆ. ಸಾಮಾನ್ಯವಾಗಿ ಪದಕ್ಕೆ ಇಷ್ಟು ಎಂದು ದರ ನಿಗದಿಯಾಗುತ್ತದೆ. ವಿಭಕ್ತಿ, ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡಕ್ಕೆ ಇಂಗ್ಲಿಷ್ ಬರಹವನ್ನು ತಂದಾಗ ಪದಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ಆದ್ದರಿಂದ ಮೂಲದ ಪದಗಳನ್ನು ಬಿಟ್ಟು ಕನ್ನಡದ ಪದಗಳನ್ನು ಎಣಿಸಿ ಹಣ ಕೊಟ್ಟರೆ ಅಷ್ಟೇ ಶ್ರಮಕ್ಕೆ ಕಡಿಮೆ ಕೂಲಿ ಸಿಗುತ್ತದೆ. ಮಲಯಾಳದಿಂದ ತರುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಡದು. ಈಗ ಯಂತ್ರ ಮಾಡಿದ ಅನುವಾದವನ್ನು ಕಳುಹಿಸಿ ‘ತಿದ್ದಿದರೆ ಸಾಕು’ ಎಂದು ಹೇಳಿ ದರವನ್ನು ಅರ್ಧಕ್ಕೂ ಕೆಳಗೆ ಇಳಿಸುವ ಪದ್ಧತಿ ಬಂದಿದೆ. ಕಾನೂನು, ವೈದ್ಯಕೀಯ ಬರಹಗಳಲ್ಲಿ ಹಾಗೆ ತಿದ್ದುವುದಕ್ಕೆ ಹೊಸದಾಗಿ ಅನುವಾದಿಸುವಷ್ಟೇ ಹೊತ್ತು ಹಿಡಿಯುತ್ತದೆ. ಇದರ ಮೇಲೆ, ಒಂದೇ ಸಂಸ್ಥೆಯಿಂದ ವರ್ಷಕ್ಕೆ ಬರುವ ಹಣ 50,000 ರೂಪಾಯಿ ಮೀರಿದರೆ ಅದನ್ನು ವೃತ್ತಿಪರ ಶುಲ್ಕವೆಂದು ಪರಿಗಣಿಸಿ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಮುರಿಯುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರು ರಿಟರ್ನ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು, ಆದರೆ ಅಲ್ಲಿಯವರೆಗೆ ಮನೆಯ ಲೆಕ್ಕದಲ್ಲಿ ಆ ಹಣ ಇಲ್ಲದಂತೆಯೇ.

ಕಾನೂನಿನ ನೆರವು ಪೂರ್ತಿ ಇಲ್ಲವೆಂದಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ನೋಂದಾಯಿತ ಸೂಕ್ಷ್ಮ ಉದ್ಯಮದಿಂದ ಸೇವೆ ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಒಬ್ಬರೇ ದುಡಿಯುವ ಅನುವಾದಕರೂ ಆಧಾರ್, ಪ್ಯಾನ್ ಸಂಖ್ಯೆಗಳೊಂದಿಗೆ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ನಮ್ಮವರಲ್ಲಿ ಇದನ್ನು ಬಲ್ಲವರು ವಿರಳ. ಬಲ್ಲವರಿಗೂ ಮುಂದಿನ ಕೆಲಸ ತಪ್ಪೀತೆಂಬ ಭಯ. ಇದೇ ಜಿಲ್ಲೆಯಲ್ಲಿ ಮನೆಯಲ್ಲೇ ಬೀಡಿ ಕಟ್ಟುವ ತಾಯಂದಿರನ್ನು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಕಾರ್ಮಿಕರೆಂದೇ ಒಪ್ಪಿತು, 1976ರ ಕಲ್ಯಾಣನಿಧಿ ಕಾಯಿದೆಯಿಂದ ಅವರ ಮಕ್ಕಳಿಗೆ ವಿದ್ಯಾರ್ಥಿವೇತನವೂ ದೊರೆಯಿತು. ಮನೆಯ ಜಗಲಿಯಲ್ಲಿ ನಡೆಯುವ ದುಡಿಮೆಯನ್ನು ದುಡಿಮೆಯೆಂದು ಗುರುತಿಸಲು ಅಂದು ಸಾಧ್ಯವಾಯಿತಾದರೆ ಇಂದು ಏಕೆ ಸಾಧ್ಯವಿಲ್ಲ? ಗೃಹಸಾಲಕ್ಕೆ ಹೋದಾಗ ನಮ್ಮಿಂದ ಸಂಬಳದ ಚೀಟಿ ಕೇಳುತ್ತಾರೆ, ಅದು ನಮ್ಮಲ್ಲಿಲ್ಲ.

ಸಂವಿಧಾನದ 350ನೇ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಓದಿ ತಿಳಿಸುವವರು ಕಚೇರಿಯಲ್ಲಿ ಇಲ್ಲದಿದ್ದರೆ ಆ ಹಕ್ಕು ನಡೆಯುವ ಬಗೆ ಕಾಣೆ. ಆದ್ದರಿಂದ ಜಿಲ್ಲಾಡಳಿತವು ಅರ್ಹ ಅನುವಾದಕರ ಪಟ್ಟಿಯೊಂದನ್ನು ಮಾಡಿ, ಪುಟಕ್ಕೆ ಅಥವಾ ಮೂಲದ ಪದಕ್ಕೆ ಇಂತಿಷ್ಟು ಎಂಬ ದರವನ್ನು ಬಹಿರಂಗವಾಗಿ ಪ್ರಕಟಿಸಲಿ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮತ್ತು ಕುವೆಂಪು ಭಾಷಾ ಭಾರತಿ ಪ್ರಾಧಿಕಾರಗಳು ತಮ್ಮ ಅನುವಾದ ಯೋಜನೆಗಳಲ್ಲಿ ಗಡಿನಾಡಿನವರಿಗೆ ಒಂದು ಪಾಲು ಮೀಸಲಿಡುವ ಬಗ್ಗೆ ಯೋಚಿಸಲಿ. ಅನುವಾದ ಮಾಡಿಸಿಕೊಳ್ಳುವ ಸಂಘ ಸಂಸ್ಥೆಗಳು, ಪ್ರಕಾಶಕರು, ಪತ್ರಿಕೆಗಳು ಕೆಲಸ ಒಪ್ಪಿಸುವಾಗಲೇ ದರವನ್ನೂ ಹಣ ಕೊಡುವ ದಿನಾಂಕವನ್ನೂ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ನಿಮ್ಮ ಪತ್ರಿಕೆಯಲ್ಲಿ ಅಚ್ಚಾಗುವ ಅನುವಾದಿತ ಬರಹಗಳಿಗೂ ಇದೇ ಕ್ರಮ ಅನ್ವಯವಾದರೆ ಉಳಿದವರಿಗೆ ಕೇಳುವ ಧೈರ್ಯ ಬರುತ್ತದೆ.

ತಮ್ಮ ವಿಶ್ವಾಸಿ,
ಓರ್ವ ಅನುವಾದಕಿ, ಬದಿಯಡ್ಕ